ಮೂರು ಚುಕ್ಕಿಯ ಮುಖ

ಕೌಲ್ ಬಜಾರಿನ ವಾಷಿಂಗ್ ಯೂನಿಟ್ಟಿನಲ್ಲಿ
ಹೊಸ ಜೀನ್ಸನ್ನು ಹಳತು ಮಾಡುವುದು ನನ್ನ ಕೆಲಸ.
ಡ್ರಮ್ಮಿಗೆ ಕಲ್ಲು ಸುರಿದು ತಿರುಗಿಸಿ
ಮಂಡಿಯ ಹತ್ತಿರ ಬಿಳಿಚಿಸಿ, ಜೇಬಿನಂಚು ಸವೆಸಿ
ಯಾರೂ ತೊಡದ ಪ್ಯಾಂಟಿಗೆ
ಹತ್ತು ವರ್ಷದ ಬಾಳು ಕೊಟ್ಟು ಕಳಿಸುತ್ತೇನೆ.

ಅದಕ್ಕೇ ಗಾದಿಲಿಂಗ ನನ್ನನ್ನು ಪಂಚಾಯ್ತಿಗೆ ಕೂರಿಸಿದ್ದು:
'ಹಳೇದು ಹೊಸದು ನಿನಗಿಂತ ಯಾರಿಗ್ ಗೊತ್ತಲೇ, ಎರ್ರೆಣ್ಣ?'

ವಿಷಯ ಇಷ್ಟೆ.
ಖಾದರ್‌ಸಾಬರ ಸೈಕಲ್ ಅಂಗಡಿಯ ಹಿಂದಿನ ಕತ್ತಲಲ್ಲಿ
ರೂಪಾಯಿಗೆ ಹದಿನೈದು ನಿಮಿಷ ನಾವಾಡುತ್ತಿದ್ದ ಆಟ
ಹೊಸ ವೇಷ ತೊಟ್ಟು ಬಂದಿದೆ.
ಆಗ ಅದಕ್ಕೆ ಹೆಸರಿರಲಿಲ್ಲ, ಕ್ಯಾಸೆಟ್ಟಿನ ಚೀಟಿ ಹರಿದಿತ್ತು;
ಬಾಯಿಂದ ಉಫ್ ಎಂದು ಊದಿ ಸಿಕ್ಕಿಸಿದರೆ
ಎದ್ದು ಬರುತ್ತಿದ್ದವನಿಗೆ ನಾವಿಟ್ಟ ಹೆಸರು ಕೋಟೆ ಗಿಡ್ಡ.
ಈಗ ಕೋಟೆಯ ಮೇಲೆ ಮಳೆ ಬೀಳುತ್ತದೆ,
ಕಂದಕದ ನೀರಲ್ಲಿ ಬುರುಜಿನ ನೆರಳು ಅಲುಗುತ್ತದೆ,
ಗಿಡ್ಡನಿಗೆ ಹುಬ್ಬು ಬಂದಿದೆ, ಗಡ್ಡ ಬಂದಿದೆ,
ಬಿದ್ದರೆ ನರಳುತ್ತಾನೆ.

'ಅವನಿಗೆ ಮೂರೇ ಚುಕ್ಕಿ ಮುಖ ಇತ್ತು,
ಎರಡು ಕಣ್ಣು, ಒಂದು ಬಾಯಿ. ಉಳಿದದ್ದು ನಾವು ತುಂಬ್ತಿದ್ವಿ.
ನಾನು ನಮ್ಮಣ್ಣನ್ನ ಕೂರಿಸ್ತಿದ್ದೆ ಅದ್ರಾಗೆ,
ಸಂಡೂರು ಲಾರಿ ಹತ್ತಿ ಹೋದವ ತಿರುಗಿ ಬರಲಿಲ್ಲಲ್ಲ, ಅವನ್ನ.
ಈಗ ಯಾರದೋ ಮುಖ ತಂದು ಹಚ್ಯಾರೆ.
ನಮ್ಮಣ್ಣಗೆ ಜಾಗ ಎಲ್ಲೈತೆ, ಹೇಳು?
ಮೂರನೇ ಬುರುಜಿನ ಮೂಲ್ಯಾಗೆ ಜಿಗಿದ್ರೆ ಗೋಡೆ ದಾಟ್ತಿತ್ತು,
ಅದು ತಪ್ಪಂತೆ, ಮುಚ್ಚ್ಯಾರೆ.
ತಪ್ಪಲ್ಲಲೇ ಅದು, ನಮ್ಮ ಹಿತ್ತಲ ಬಾಗಿಲು!'

ದಸ್ತಗೀರ ನಕ್ಕ. ಕಟಿಂಗ್ ಮಾಸ್ತರ,
ಬಲ ಹೆಬ್ಬೆರಳಿನ ತುದಿಯನ್ನು ಮಿಷಿನ್ನಿಗೆ ಕೊಟ್ಟವ.
'ನಿನಗೆ ಹಿತ್ತಲ ಬಾಗಿಲು. ನನಗೆ ನೆನಪಿರೋದು ಕರೆಂಟು.
ಒಂದೇ ಸಲ ಏಳನೇ ಕೋಟೆ ಮುಟ್ಟಿದ್ದೆ,
ರಾಣಿ ಕಾಣ್ತಿದ್ಳು, ಇನ್ನೊಂದೇ ಜಿಗಿತ,
ಟಪ್ಪಂತ ಹೋತು.
ಮತ್ತೆ ಒಂದನೇ ಕೋಟೆ, ಮತ್ತೆ ಒಂದು ರೂಪಾಯಿ,
ಆ ರೂಪಾಯಿ ನನ್ ಕಡೆ ಇರ್ಲಿಲ್ಲ.
ಹೊಸದ್ರಾಗೆ ಬಿಟ್ಟಲ್ಲೇ ಇರ್ತಾನೆ, ಕಾಯ್ತಾನೆ.
ಈ ಮೋಟು ಬೆರಳಿಗೆ ಎಟಕೋ ಹಂಗ ಬಟನ್ನು ಸರಿಸಬೋದು.
ಕಷ್ಟ ಇತ್ತು, ಅದಕ್ಕೇ ಚಂದ ಇತ್ತು ಅಂತೀಯ.
ಕಷ್ಟ ಏನು ಆಟದಾಗೆ ಮಾತ್ರ ಸಿಗ್ತಿತ್ತಾ ನಮಗೆ?'

ಟೀ ಆರಿತು. ಇಬ್ಬರೂ ನನ್ನ ಮುಖ ನೋಡಿದರು.
ನಾನು ಕೈ ನೋಡಿಕೊಂಡೆ:
ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ.

ಆಗ ಮಾತಾಡಿದ್ದು ಗುಂಡಿ ಹಚ್ಚುತ್ತ ಕೂತಿದ್ದ ಶಂಷಾದ್,
ದಸ್ತಗೀರನ ತಂಗಿ. ತಲೆ ಎತ್ತಲಿಲ್ಲ.
'ನಾನು ಕಂಡಿರೋದು ನಿಮ್ಮ ಮೂರು ತಲೆಯ ಹಿಂಭಾಗ.
ಊಟಕ್ಕೆ ಕರಿಯೋಕೆ ಬಂದು ಬಾಗಿಲಾಗೆ ನಿಂತ್ರೆ
ತಲೆಗಳ ನಡುವೆ ಒಂದಿಷ್ಟು ಹಸಿರು ಬೆಳಕು.
ಗಿಡ್ಡಗೆ ಮುಖ ಇತ್ತು ಅಂತ
ಇವತ್ತೇ ಕೇಳಿದ್ದು.'

ಡ್ರಮ್ಮು ತನ್ನ ಪಾಡಿಗೆ ಕಲ್ಲು ಕುಟ್ಟುತ್ತಿತ್ತು.
ದಸ್ತಗೀರ ಫೋನನ್ನು ಅವಳ ಕೈಗಿಟ್ಟ.
ಗಾದಿಲಿಂಗ ಹೇಳಿಕೊಡಲು ಬಾಯಿ ತೆರೆದು
ಮುಚ್ಚಿಕೊಂಡ.

ದಿನಕ್ಕೆ ಐನೂರು ಗುಂಡಿ ಹಚ್ಚುವವಳು
ಮೊದಲ ಗುಂಡಿಗೇ ಬಿದ್ದಳು. ಮತ್ತೆ ಬಿದ್ದಳು.
ಅದೇ ಅಂಚು, ಅದೇ ಅಗಲ, ನಾವೂ ಬಿದ್ದಿದ್ದ ಗುಂಡಿ,
ಅದೊಂದನ್ನು ಅವರು ಮುಟ್ಟಿಲ್ಲ.
ನಾಲ್ಕನೆಯ ಸಲ ದಾಟಿದಾಗ
ಮೊದಲು ಕೂಗಿದವನು ಗಾದಿಲಿಂಗ;
ಮರುಕ್ಷಣವೇ ಮುಖ ಗಂಟಿಕ್ಕಿಕೊಂಡ,
'ಗಡ್ಡ ಮಾತ್ರ ಬ್ಯಾಡಾಗಿತ್ತು' ಎಂದ.

ನನ್ನ ತೀರ್ಪು ಬಾಕಿ ಇದೆ.
ಡ್ರಮ್ಮಿನಿಂದ ತೆಗೆದ ಪ್ಯಾಂಟನ್ನು ಹಿಂಡಿ
ಹಗ್ಗಕ್ಕೆ ಹಾಕಿ ನೋಡಿದೆ:
ಚೆನ್ನಾಗಿ ಸವೆದಿದೆ,
ಯಾರ ಕಾಲೂ ಇನ್ನೂ ತಾಗದ ಮಂಡಿ.