ಕಾಗೆ ಎಂಜಲು

ಬೆಂಗ್ರೆಯಿಂದ ಹೊಳೆ ದಾಟಿ ಬರುತ್ತಿತ್ತು ಮೊಯ್ದಿನಬ್ಬನ ದೋಣಿ.
ಹನ್ನೊಂದು ಮಕ್ಕಳು, ಹನ್ನೊಂದು ಸ್ಲೇಟು.
ಬೊಕ್ಕಪಟ್ಣದ ಶಾಲೆಯ ಗಂಟೆಗೆ ಮೊದಲೇ
ಒದ್ದೆ ಪಾದಗಳ ಸಾಲು ಜಗಲಿಯ ಮೇಲೆ.
ನನ್ನ ಬಲಕ್ಕೆ ಜಲಜಾಕ್ಷಿ.

ಬಳಪ ನನ್ನದು, ನೀರುಕಡ್ಡಿ ಅವಳದು.
ಒಂದನ್ನೇ ಮುರಿದು ಇಬ್ಬರೂ ಸ್ಲೇಟು ಒರೆಸಿ
ಉಳಿದ ತುಂಡನ್ನು ಜಗಿಯುವುದು.
ಪೆಪ್ಪರಮಿಂಟು ಒಂದೇ ಇದ್ದ ದಿನ
ಲಂಗದ ಅಂಚಿನಲ್ಲಿ ಸುತ್ತಿ, ಕಟಕ್ಕೆಂದು ಕಚ್ಚಿ
ಅರ್ಧ ಅವಳಿಗೆ.
ಕಾಗೆ ಎಂಜಲು ಎಂಜಲಲ್ಲ ಮಾರಾಯ್ತಿ,
ನಡುವೆ ಬಟ್ಟೆ ಇದೆಯಲ್ಲ!

ಒಂದು ದಿನವೂ ತಪ್ಪದೆ ಬಂದವರಿಗೆ ಬಹುಮಾನ,
ಸೆರಾಫಿನ್ ಟೀಚರು ಜೂನಿನಲ್ಲೇ ತೋರಿಸಿದ್ದರು:
ಮುಚ್ಚಳದ ಮೇಲೆ ನವಿಲು ಬರೆದ ತಗಡಿನ ಪೆಟ್ಟಿಗೆ.
ಕಪಾಟಿನ ಗಾಜಿನ ಹಿಂದೆ ಕುಳಿತು
ಆ ನವಿಲು ನನ್ನೊಬ್ಬಳನ್ನೇ ನೋಡುತ್ತಿತ್ತು.

ಕ್ರಿಸ್ಮಸ್ ರಜೆಗೆ ಮೂರು ದಿನ.
ಮೂಗು ಸೋರುತ್ತಿತ್ತು, ಕಣ್ಣು ಕೆಂಪು.
ಅಮ್ಮನ ಕೈ ಹಣೆಗೆ ಬರುವ ಮೊದಲು
ತಣ್ಣೀರು ಬಳಿದುಕೊಂಡು ಹೊರಟೆ.
ಹಾಜರ್ ಟೀಚರ್.
ಮರುದಿನವೂ ಹಾಜರ್ ಟೀಚರ್.
ಮೂರನೆಯ ದಿನ ಹದಿನಾರರ ಮಗ್ಗಿಯನ್ನು
ಕೆಮ್ಮಿನ ನಡುನಡುವೆ ತೂರಿಸಿ ಒಪ್ಪಿಸಿದೆ.
ಜಲಜಾಕ್ಷಿ ಬೆನ್ನು ನೀವಿದಳು,
ತನ್ನ ಸೆರಗಿಲ್ಲದ ಲಂಗದಲ್ಲೇ ನನ್ನ ಮೂಗು ಒರೆಸಿದಳು.

ರಜೆಯ ಮೊದಲ ಬೆಳಿಗ್ಗೆ
ಕಿವಿಯ ಹಿಂದಿನಿಂದ ಇಳಿಯಿತು ದಡಾರ.
ಬೇವಿನ ಸೊಪ್ಪು, ಕತ್ತಲೆ ಕೋಣೆ, ಎಳನೀರು.
ಶಾಲೆ ತೆರೆಯುವಾಗ ನಾನು ಪೂರ್ತಿ ಗುಣ.
ಹಾಜರಿ ಪುಸ್ತಕಕ್ಕೆ ಏನೂ ಗೊತ್ತಾಗಲಿಲ್ಲ.

ಜನವರಿಯಲ್ಲಿ ದೋಣಿ ಏಳು ಮಕ್ಕಳನ್ನು ತಂದಿತು.
ಮರುವಾರ ಮೂವರನ್ನು.
ಆಮೇಲೊಂದು ದಿನ ಮೊಯ್ದಿನಬ್ಬ ಒಬ್ಬನೇ ಬಂದ,
ಟೊಪ್ಪಿಯೊಳಗಿಂದ ಚೀಟಿ ತೆಗೆದು ಕೊಟ್ಟ.
ಓದಿದ ಟೀಚರು ಸ್ಕೇಲು ಹುಡುಕಿದರು.
ಎರಡು ಹೆಸರಿನ ಮೇಲೆ
ಕೆಂಪು ಶಾಯಿಯ ಗೆರೆ, ಬಹಳ ನೇರ.

ಊರಿನವರು ಹೇಳಿದರು: ಬೆಂಗ್ರೆಯ ಗಾಳಿಯೇ ಸರಿಯಿಲ್ಲ,
ಆ ಮಕ್ಕಳ ಹತ್ತಿರ ಕೂರಬೇಡಿ.
ಬೆಂಚಿನ ಬಲಗಡೆ ಖಾಲಿ ಇಟ್ಟುಕೊಂಡು
ನಾನೂ ತಲೆಯಾಡಿಸಿದೆ.
ರೋಗ ಯಾವ ದಡದಲ್ಲಿ ದೋಣಿ ಹತ್ತಿತೆಂದು
ಒಂಬತ್ತು ವರ್ಷದವಳಿಗೆ ಗೊತ್ತಿತ್ತೇ?
ಗೊತ್ತಿತ್ತು ಅಂತಲೇ ಕಾಣುತ್ತದೆ.

ಮಾರ್ಚಿನಲ್ಲಿ ನವಿಲು ನನ್ನ ಕೈಗೆ ಬಂತು.
ಎಲ್ಲರೂ ಚಪ್ಪಾಳೆ ತಟ್ಟಿದರು,
ದೋಣಿಯ ಮಕ್ಕಳೂ.

ಆ ರಾತ್ರಿ ಅಮ್ಮ ಲಂಗ ಒಗೆಯಲು ತೆಗೆದು
ದೀಪಕ್ಕೆ ಹಿಡಿದು ಕೇಳಿದಳು,
ಅಂಚಿಗೆಲ್ಲ ಇದೆಂಥ ತೂತು, ಇಲಿಯಾ?
ಹೌದಮ್ಮ, ಅಂದೆ.