ಸದ್ದಿಲ್ಲದ್ದು ಮೂರು ದಿನ ಇತ್ತು

ಸೋಲಾಪುರದಿಂದ ಲಾರಿಯಲ್ಲಿ ಬಂತು,
ಸೀಟಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ.
ಮೂರು ದಿನ ಇಟ್ಟುಕೊಂಡು ನೋಡ್ರಿ ಮೇಡಂ,
ಆಮೇಲೆ ಹೇಳ್ರಿ, ಅಂದ ಕಂಪನಿಯ ಹುಡುಗ.
ಅವನ ಕಾಗದದಲ್ಲಿ ಗೆರೆಗಳೆಲ್ಲ ಕೆಳಗಿಳಿಯುತ್ತಿದ್ದವು,
ಡೀಸೆಲ್ಲು, ರಿಪೇರಿ, ಆಯಿಲ್ಲು.
ಒಂದೇ ಒಂದು ಮೇಲಕ್ಕೆ, ಅದು ನನ್ನ ಉಳಿತಾಯವಂತೆ.
ಗೆರೆ ನಂಬುವವಳಲ್ಲ ನಾನು.
ಕಲಬುರಗಿಯಲ್ಲಿ ತೊಗರಿ ದರ ನೋಡುತ್ತ ಬೆಳೆದವಳು.

ಲಾಡ್ಲೇಸಾಬ್ ಎರಡು ಸುತ್ತು ಹಾಕಿದ,
ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ.
ಹತ್ತೊಂಬತ್ತು ವರ್ಷ ಅವನು ಹಳದಿ ಗಾಡಿಯ
ಗಂಟಲು ಕೇಳಿಯೇ ಕೆಲಸ ಮಾಡಿದವನು.
ಗುರುಗುಟ್ಟಿದರೆ ಭಾರ ಹೆಚ್ಚಾಯಿತು,
ಕೆಮ್ಮಿದರೆ ಫಿಲ್ಟರು.
"ಇದು ಏನೂ ಹೇಳಂಗೇ ಇಲ್ಲಲ್ರೀ ಅಕ್ಕಾರೆ,
ಸಿಟ್ಟಾದ ಬೀಗರಂಗ ಕುಂತದ."

ಆದರೂ ಆ ಮಧ್ಯಾಹ್ನ
ಎತ್ತರದ ಸಾಲಿಗೆ ಪ್ಯಾಲೆಟ್ ಏರಿಸಿ ನಿಲ್ಲಿಸಿದಾಗ
ಅವನು ತಲೆ ಓರೆ ಮಾಡಿದ.
ಎಲ್ಲೋ ಒಂದು ಚೀಲದಿಂದ ಬೇಳೆ
ಸೋರುತ್ತಿದ್ದ ಸದ್ದು.
ಇಳಿದು ಹೋಗಿ ತೂತಿಗೆ ಚಿಂದಿ ತುರುಕಿ ಬಂದ.
ಎಷ್ಟು ವರ್ಷದಿಂದ ಸೋರುತ್ತಿದ್ದೆವೋ.

ಎರಡನೇ ದಿನ ನೆಲ ಅಡ್ಡ ಬಂತು.
ಅಪ್ಪ ಹಾಸಿಸಿದ ಶಹಾಬಾದ್ ಪರಸಿ,
ಅದರ ಕೆಳಗೆ ಎರೆಮಣ್ಣು.
ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ.
ಹಳೆಯದರ ದೊಡ್ಡ ಗಾಲಿ ತುಳಿದುಕೊಂಡು ಹೋಗುತ್ತಿತ್ತು.
ಹೊಸದರ ಪುಟ್ಟ ಗಾಲಿ ಮೂರನೇ ಕಂಬದ ಹತ್ತಿರ
ಬಿರುಕಿಗೆ ಸಿಕ್ಕಿ ನಿಂತಿತು, ಟನ್ನು ಬೇಳೆ ವಾಲಿಸಿಕೊಂಡು.
ಹಮಾಲರು ಹನ್ನೊಂದು ಮಂದಿ ಬಂದು
ಮೊದಲು ಚೀಲ ಇಳಿಸಿದರು, ಆಮೇಲೆ ಭುಜ ಕೊಟ್ಟರು.
"ಇದಕ್ಕೂ ನಾವೇ ಬೇಕಲ್ರಿ" ಅಂದ ಸಾಯಬಣ್ಣ.
ನಗುತ್ತಿದ್ದನೋ, ಲೆಕ್ಕ ಹಾಕುತ್ತಿದ್ದನೋ,
ಬೆವರು ಒರೆಸುವ ಟವೆಲ್ಲಿನ ಹಿಂದೆ ಕಾಣಲಿಲ್ಲ.

ರಾತ್ರಿ ಚಾರ್ಜಿಗೆ ಹಾಕಿದೆವು.
ಎರಡಕ್ಕೆ ಕರೆಂಟು ಹೋಗಿ ನಾಲ್ಕೂವರೆಗೆ ಬಂತು.
ಬೆಳಿಗ್ಗೆ ಐದು ಕಡ್ಡಿಯಲ್ಲಿ ಮೂರೇ ಹಸಿರು.
ಫೋನು ಮಾಡಿದರೆ ಹುಡುಗ,
ಜನರೇಟರ್ ಇದೆಯಲ್ಲ ಮೇಡಂ, ಅಂದ.
ಜನರೇಟರ್ ಏನು ಕುಡಿಯುತ್ತದೆ ಅಂತ
ನಾನೂ ಕೇಳಲಿಲ್ಲ.
ಬ್ಯಾಟರಿ ನೀರು ಕುಡಿಯುತ್ತದಂತೆ, ವಾರಕ್ಕೊಮ್ಮೆ,
ಬಾಟಲಿಯ ಶುದ್ಧ ನೀರು.
ಮೇ ತಿಂಗಳಲ್ಲಿ, ನಾಲ್ವತ್ನಾಲ್ಕು ಡಿಗ್ರಿಯಲ್ಲಿ,
ತಗಡಿನ ಸೂರಿನಡಿ ಅದರ ಹೊಟ್ಟೆ
ಎಷ್ಟು ಕಾಯುತ್ತದೆ ಎಂಬ ಸಾಲು
ಆ ಕಾಗದದಲ್ಲಿ ಇರಲಿಲ್ಲ.

ಮೂರನೇ ದಿನ ನಾನೇ ಬರೆಯುತ್ತ ಕೂತೆ.
ಸುಗ್ಗಿಗೆ ಎರಡು ಪಾಳಿ, ಚಾರ್ಜಿಗೆ ಹೊತ್ತೆಲ್ಲಿ?
ಆಷಾಢದಲ್ಲಿ ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು,
ಓಡದ ಗಾಡಿ ಏನನ್ನು ಉಳಿಸೀತು?
ಬೇಡ, ಎಂದು ಬರೆಯುವಷ್ಟರಲ್ಲಿ
ಹೋದ ವರ್ಷ ಮಧುರೈ ಪಾರ್ಟಿ
ವಾಪಸು ಕಳಿಸಿದ ಮಾಲು ನೆನಪಾಯಿತು,
ಬೇಳೆಗೆ ಹೊಗೆ ವಾಸನೆ, ಎಂದಿದ್ದರು.
ಆ ದಿನ ಒಂದು ಹಿಡಿ ತೆಗೆದು ಮೂಸಿ ನೋಡಿದ್ದೆ.
ನನಗೆ ಏನೂ ಹತ್ತಲಿಲ್ಲ.
ಹತ್ತಲಿಲ್ಲ ಎಂಬುದೇ ಈಗ ಕಾಡುತ್ತದೆ.
ಲಾಡ್ಲೇಸಾಬನನ್ನು ಎಡಗಡೆಯಿಂದ ಕರೆದರೆ
ಅವನು ತಿರುಗುವುದಿಲ್ಲ. ಅದಕ್ಕೆ ಯಾವ ಕಾಲಮ್ಮು?

ಸಂಜೆ ಲಾರಿ ಬಂತು.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ,
ಮೊದಲು ನೆಲ, ಅಂದೆ.
ಹುಡುಗ ಕಾಗದ ತಿರುವಿ ನೋಡಿದ,
ನೆಲ ಅವನ ಕೊಟೇಶನ್ನಿನಲ್ಲಿ ಇಲ್ಲ.

ಅದು ಹೋದ ಮೇಲೆ ಲಾಡ್ಲೇಸಾಬ್
ಹಳದಿ ಗಾಡಿಗೆ ಕೀಲಿ ಕೊಟ್ಟ.
ಗೋದಾಮು ತುಂಬ ಕರಿ ಹೊಗೆ, ಅದೇ ಗದ್ದಲ.
ಬೇಳೆ ಸೋರುತ್ತಿತ್ತೋ ಇಲ್ಲವೋ.
ಒಂದು ನಿಮಿಷಕ್ಕೇ ಆಫ್ ಮಾಡಿ ಕೂತ.
"ಆ ಮೂಲಿ ಖಾಲಿ ಇಡ್ಲೇನ್ರಿ ಅಕ್ಕಾರೆ,
ಪ್ಲಗ್ಗು ಇದ್ದದ್ದು?"

ನೋಡಿದರೆ, ಚೀಲ ಆಗಲೇ ಸರಿಸಿದ್ದಾನೆ.
ಪರಸಿಯ ಮೇಲೆ ಸೀಮೆಸುಣ್ಣದಲ್ಲಿ
ಸೊಟ್ಟನೆಯ ಒಂದು ಚೌಕ,
ಮಿಲ್ಲಿನ ಬೆಕ್ಕು ಅದರೊಳಗೆ ಮಲಗಿತ್ತು.