ಇಲ್ಲದ ಪರದೆ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ, ನಸ್ರೀನಳ ಹೊಲಿಗೆ ಅಂಗಡಿಯ ಮೇಲೆ
ನನ್ನ ರಿಪೇರಿ ಕೋಣೆ. ಏಪ್ರಿಲ್ಲಿನ ಮಧ್ಯಾಹ್ನ.
ಫ್ಯಾನು ಅದೇ ಬಿಸಿಯನ್ನು ಮತ್ತೆ ಮತ್ತೆ ಬಡಿಸುತ್ತಿತ್ತು.

ಗುತ್ಯಪ್ಪ ಆಟೋದಲ್ಲಿ ತಂದಿದ್ದ:
ಯಾವುದೋ ಸೊಸೈಟಿಯ ಹರಾಜಿನಲ್ಲಿ ಎಂಟುನೂರಕ್ಕೆ ಕೂಗಿ ಕೊಂಡ
ಬೂದು ಡಬ್ಬ, ಜತೆಗೊಂದು ಮಾನಿಟರು.
ಬಿಚ್ಚಿದರೆ ಹಿಡಿ ಧೂಳು, ಸತ್ತ ಜಿರಳೆ,
ಒಂದು ಗುಂಡುಸೂಜಿ.

ವಿಂಡೋಸ್ ಇದಕ್ಕೆ ಭಾರ, ಎಂದೆ.
ಲಿನಕ್ಸ್ ಹಾಕೋಣ. ಹಗುರ, ದುಡ್ಡೂ ಇಲ್ಲ.
"ಹಾಕು ಮಾರಾಯ್ತಿ."
ಸ್ಟೂಲಿನ ಮೇಲೆ ಕೂತು, ತನ್ನ ಪುಟ್ಟ ಸ್ಪೀಕರನ್ನು ತಡವಿ ಸಿಕ್ಕಿಸಿ,
ಕೋಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ.

ಹಳೆಯದಲ್ಲವೇ ಎಂದು ಸುರಕ್ಷಿತ ಗ್ರಾಫಿಕ್ಸಿನಲ್ಲೇ ಇಳಿಸಿದೆ.
ಭಾಷೆ ಕೇಳಿತು, ಕನ್ನಡ ಅಂದೆ.
ಊರು ಕೇಳಿತು. ಪಟ್ಟಿಯಲ್ಲಿ ಶಿವಮೊಗ್ಗ ಇಲ್ಲ,
ಕೋಲ್ಕತ್ತ ಒತ್ತಿದೆ.
ಮುಗಿಯಿತು, ಮತ್ತೆ ಶುರುಮಾಡಿ ಎಂದಿತು.

ಕಂಪನಿಯ ಗುರುತು ಒಂದು ಗಳಿಗೆ ಮಿಂಚಿತು.
ಆಮೇಲೆ ಕಪ್ಪು.

ಆಫ್ ಮಾಡಿದ ಕಪ್ಪು ಬೇರೆ. ಇದು
ಎದುರು ಕೂತು, ಎಲ್ಲ ಕೇಳಿಸಿಕೊಂಡೂ
ಉತ್ತರ ಕೊಡದವರ ಮುಖ.

ಕೇಬಲ್ಲು ಕಿತ್ತು ಸಿಕ್ಕಿಸಿದೆ.
ರ‍್ಯಾಮು ತೆಗೆದು ಸ್ಕೂಲು ಮಕ್ಕಳ ರಬ್ಬರಿನಲ್ಲಿ ಉಜ್ಜಿದೆ.
ನನ್ನ ಮಾನಿಟರು ಹಚ್ಚಿದೆ, ಅದೂ ಕಪ್ಪು.
ನಾಲ್ಕು ಸಲ ಆರಿಸಿ ಹತ್ತಿಸಿದೆ.
ಕ್ಯಾಪ್ಸ್‌ಲಾಕ್ ಒತ್ತಿದರೆ ಸಾಸಿವೆಯಷ್ಟು ಹಸಿರು ದೀಪ
ಹತ್ತುತ್ತದೆ, ಆರುತ್ತದೆ.
ಜೀವ ಇದೆ. ಎಲ್ಲಿ ಅಂತ ಗೊತ್ತಿಲ್ಲ.

"ಸ್ಕ್ರೀನೇ ಬರ್ತಿಲ್ಲ ಗುತ್ಯಪ್ಪ. ಎಲ್ಲ ಅಳಿಸಿ ಮೊದಲಿಂದ ಹಾಕಬೇಕು."
ಅವನು ನಕ್ಕ.
"ಯಾರಿಗೆ ಬರಬೇಕಿತ್ತು ಅದು?"

ನಾಲಿಗೆ ಕಚ್ಚಿಕೊಂಡೆ.
ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಹದಿನೇಳು ವರ್ಷ,
ಆ ಕಡೆಯ ಉಸಿರು ಕೇಳಿಯೇ
ಯಾವ ವಾರ್ಡಿಗೆ ಕೊಡಬೇಕೆಂದು ಅಂದಾಜು ಮಾಡುವವನು,
ಹುಟ್ಟಿನಿಂದ ಕಣ್ಣಿಲ್ಲದವನು,
ಬೆಳಗಿನಿಂದ ನನ್ನ ಪಕ್ಕದಲ್ಲೇ ಕೂತಿದ್ದ.

"ಫ್ಯಾನು ನಿಲ್ಲಿಸು."
ಕೆಳಗೆ ನಸ್ರೀನಳ ಯಂತ್ರ ಯಾರದೋ ಯೂನಿಫಾರ್ಮಿನ ಮೇಲೆ ಓಡುತ್ತಿತ್ತು.
"ನಾಲ್ಕು ಸಲವೂ ಡಿಂ ಅಂತು. ನೀನು ವೈರು ಕೀಳೋದ್ರಲ್ಲಿದ್ದೆ.
ಪಾಪ, ಬಾಗಿಲಿಗೆ ಬಂದು ನಿಂತಿದೆ ಅದು."

ಮೂರು ಕೀಲಿ ಒಟ್ಟಿಗೆ ಒತ್ತಿದ.
ಮೂಗಿನಲ್ಲಿ ಮಾತಾಡುವ ಒಂದು ದನಿ ಎದ್ದು ಪಾಸ್‌ವರ್ಡ್ ಕೇಳಿತು.
"ಏನಿಟ್ಟಿದ್ದೀ?"
"ಮಂಡಕ್ಕಿ. ಎಲ್ಲ ಸಣ್ಣ ಅಕ್ಷರ."
ಒತ್ತಿದ, ಒಳಗೆ ಹೋದ.
ನಾನು ಹೊರಗೇ ಉಳಿದೆ, ನನ್ನದೇ ಅಂಗಡಿಯಲ್ಲಿ.

ಕೋಣೆಯಿಂದ ಕೋಣೆಗೆ ದನಿಯ ಹಿಂದೆ ನಡೆದು ಹೇಳಿದ:
"ಇದರ ಲೆಕ್ಕದಲ್ಲಿ ಎರಡು ಪರದೆ ಇವೆಯಂತೆ.
ಒಂದು ಲ್ಯಾಪ್‌ಟಾಪಿಂದು."

ಲ್ಯಾಪ್‌ಟಾಪೇ ಅಲ್ಲವಲ್ಲ ಇದು!
ಬೋರ್ಡಿನ ಯಾವುದೋ ಚಿಪ್ಪು ಹೇಳಿದ ಸುಳ್ಳನ್ನು ನಂಬಿ,
ಇಲ್ಲದ ಪರದೆಯ ಮೇಲೆ ಇಷ್ಟು ಹೊತ್ತು
ಶ್ರದ್ಧೆಯಿಂದ ಬರೆಯುತ್ತಿತ್ತು:
ಗಂಟೆ, ನಿಮಿಷ, ಒಂದು ಬಾಣ,
ಬನ್ನಿ ಎಂಬ ಮಾತು.

ಆ ಪರದೆ ಇಲ್ಲ ಎಂದು ಅದಕ್ಕೆ
ಒಂದು ಸಾಲಿನಲ್ಲಿ ತಿಳಿಸಬೇಕು. ಸಾಲು ನನಗೆ ಗೊತ್ತಿತ್ತು.
ನಾನು ಹೇಳಿದೆ, ಅವನು ಬರೆದ,
ದನಿ ಒಂದೊಂದೇ ಅಕ್ಷರ ಒಪ್ಪಿಸಿತು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಮತ್ತೆ ಶುರು. ಕಪ್ಪು. ಕಪ್ಪು.
ನೀಲಿ.

"ಬಂತು!"
"ಏನು ಬಂತು?"
"ಒಂದು ಗುಡ್ಡ. ಕೆಳಗೆ ಕೆರೆ."
"ಯಾವ ಗುಡ್ಡ?"
"ಯಾವ ದೇಶದ್ದೋ."
"ನೋಡಾಯ್ತಲ್ಲ, ಆರಿಸು. ನಿನ್ನ ಸಮಾಧಾನಕ್ಕೆ ಮಾಡಿದ್ದು.
ಮಾನಿಟರು ನೀನೇ ಇಟ್ಟುಕೋ, ಆಟೋದಲ್ಲಿ ಕಾಲು ಚಾಚಬಹುದು."

ಅಷ್ಟರಲ್ಲಿ ಸಂಜೆ. ಮೆಟ್ಟಿಲಿನ ಬಲ್ಬು ಹೋಗಿ ತಿಂಗಳಾಗಿತ್ತು.
ಅವನು ಮುಂದೆ, ಡಬ್ಬ ಹೊತ್ತು ನಾನು ಹಿಂದೆ.
ನಡುವೆ ಒಮ್ಮೆ ನಿಂತ:
"ಹನ್ನೊಂದನೇದರ ಅಂಚು ಮುರಿದಿದೆ.
ನೋಡ್ಕೊಂಡು ಇಳಿ."